ಆರ್ನಾಲ್ಡ್ ಗೆಸೆಲ್

ಆರ್ನಾಲ್ಡ್ ಲೂಸಿಯಸ್ ಗೆಸೆಲ್ (ಜೂನ್ 21, 1880 – ಮೇ 29, 1961) ಅಮೆರಿಕದ ಮನೋವಿಜ್ಞಾನಿ ಹಾಗೂ ಮಕ್ಕಳ ವೈದ್ಯರು. ಕತ್ತು ನಿಲ್ಲುವುದು, ಕುಳಿತುಕೊಳ್ಳುವುದು, ಅಂಬೆಗಾಲಿಡುವುದು ಮೊದಲಾದ ಶಿಶು ಬೆಳವಣಿಗೆಯ ಹಂತಗಳನ್ನು ವಯಸ್ಸಿಗನುಸಾರವಾಗಿ ವ್ಯವಸ್ಥಿತವಾಗಿ ದಾಖಲಿಸಿದವರಲ್ಲಿ ಇವರು ಪ್ರಮುಖರು.

ಜೀವನ

ಗೆಸೆಲ್ ಅವರು ವಿಸ್ಕಾನ್ಸಿನ್ ರಾಜ್ಯದ ಆಲ್ಮಾ ಎಂಬ ಊರಿನಲ್ಲಿ ಜನಿಸಿದರು. ತಂದೆ ಛಾಯಾಗ್ರಾಹಕರು, ತಾಯಿ ಶಿಕ್ಷಕಿ. 1906ರಲ್ಲಿ ಕ್ಲಾರ್ಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1911ರಲ್ಲಿ ಯೇಲ್ ವಿಶ್ವವಿದ್ಯಾಲಯವನ್ನು ಸೇರಿ, ಅಲ್ಲಿ ಮಕ್ಕಳ ಬೆಳವಣಿಗೆಯ ಅಧ್ಯಯನಕ್ಕಾಗಿ ಚಿಕಿತ್ಸಾಲಯವನ್ನು ಸ್ಥಾಪಿಸಿದರು. ಮಕ್ಕಳನ್ನು ಅರಿಯಲು ದೇಹಶಾಸ್ತ್ರದ ಜ್ಞಾನವೂ ಅಗತ್ಯವೆಂದು ಮನಗಂಡು ವೈದ್ಯಕೀಯ ವ್ಯಾಸಂಗ ಮಾಡಿ, 1915ರಲ್ಲಿ ಪದವಿ ಪಡೆದರು. 1948ರವರೆಗೆ ಆ ಚಿಕಿತ್ಸಾಲಯದ ನಿರ್ದೇಶಕರಾಗಿದ್ದರು.

ಸಂಶೋಧನೆ

ಶಿಶುಗಳ ಸಹಜ ವರ್ತನೆಗೆ ಅಡ್ಡಿಯಾಗದಂತೆ ಅವರು ಒಂದೇ ಕಡೆಯಿಂದ ಕಾಣುವ ಪರದೆಯ ಹಿಂದಿನಿಂದ ವೀಕ್ಷಿಸುವ ಕ್ರಮವನ್ನು ರೂಪಿಸಿದರು. ಗುಮ್ಮಟದಾಕಾರದ ಕೋಣೆಯಲ್ಲಿ ಚಲನಚಿತ್ರ ಕ್ಯಾಮೆರಾದಿಂದ ಮಕ್ಕಳ ಚಲನವಲನಗಳನ್ನು ಸೆರೆಹಿಡಿದು, ಒಂದೊಂದು ಚಿತ್ರವನ್ನೂ ಪರಿಶೀಲಿಸಿದರು. ಚಲನೆ, ಹೊಂದಾಣಿಕೆ, ಭಾಷೆ ಹಾಗೂ ವೈಯಕ್ತಿಕ-ಸಾಮಾಜಿಕ ವರ್ತನೆ ಎಂಬ ನಾಲ್ಕು ವಿಭಾಗಗಳಲ್ಲಿ ಬೆಳವಣಿಗೆಯನ್ನು ಅಳೆದರು.

ಮೊದಲ ವರ್ಷದ ಬೆಳವಣಿಗೆಯು ತಲೆಯಿಂದ ಪಾದದ ಕಡೆಗೆ ಸಾಗುತ್ತದೆ ಎಂಬುದನ್ನು ಅವರು ಹೀಗೆ ವಿವರಿಸಿದರು:

* 16 ವಾರಗಳವರೆಗೆ: ಕಣ್ಣಿನ ಚಲನೆಯ ಮೇಲೆ ಹಿಡಿತ
* 16ರಿಂದ 28 ವಾರ: ತಲೆ ಮತ್ತು ತೋಳುಗಳ ಹಿಡಿತ, ವಸ್ತುಗಳತ್ತ ಕೈ ಚಾಚುವುದು
* 28ರಿಂದ 40 ವಾರ: ಮುಂಡ ಮತ್ತು ಕೈಗಳ ಹಿಡಿತ, ಕುಳಿತುಕೊಳ್ಳುವುದು, ವಸ್ತುವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುವುದು
* 40ರಿಂದ 52 ವಾರ: ಕಾಲು, ಪಾದಗಳ ಹಿಡಿತ, ನಿಲ್ಲುವುದು, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಸಣ್ಣ ವಸ್ತುವನ್ನು ಹೆಕ್ಕುವುದು

ಅವಳಿ ಮಕ್ಕಳ ಪ್ರಯೋಗ

ಹೆಲೆನ್ ಥಾಂಪ್ಸನ್ ಅವರೊಂದಿಗೆ 1929ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಮಾತ್ರ 46ನೇ ವಾರದಿಂದ ಆರು ವಾರ ಮೆಟ್ಟಿಲು ಹತ್ತುವ ತರಬೇತಿ ನೀಡಲಾಯಿತು. ಇನ್ನೊಬ್ಬಳಿಗೆ 53ನೇ ವಾರದಿಂದ ಎರಡೇ ವಾರ ತರಬೇತಿ ದೊರೆತರೂ ಅವಳು ಬಹುಬೇಗ ಮೊದಲನೆಯವಳ ಸರಿಸಮಕ್ಕೆ ಬಂದಳು. ನರಮಂಡಲ ಪಕ್ವವಾಗುವ ಮೊದಲೇ ನೀಡುವ ತರಬೇತಿಯಿಂದ ಹೆಚ್ಚಿನ ಲಾಭವಿಲ್ಲವೆಂದು ಗೆಸೆಲ್ ನಿರ್ಣಯಿಸಿದರು.

ವಿಮರ್ಶೆ ಮತ್ತು ಪ್ರಭಾವ

ಗೆಸೆಲ್ ಅವರು ಅಧ್ಯಯನಕ್ಕೆ ಆಯ್ದುಕೊಂಡವರು ಬಹುಪಾಲು ನ್ಯೂ ಹೇವನ್ ನಗರದ ಬಿಳಿಯ ಮಧ್ಯಮವರ್ಗದ ಕುಟುಂಬಗಳ ಮಕ್ಕಳು. ಆದ್ದರಿಂದ ಆ ಮಾನದಂಡಗಳು ಎಲ್ಲ ಸಮಾಜಗಳಿಗೂ ಅನ್ವಯಿಸುವುದಿಲ್ಲ ಎಂಬ ಆಕ್ಷೇಪವಿದೆ. ಪರಿಸರ ಹಾಗೂ ಪಾಲನೆಯ ಪಾತ್ರವನ್ನು ಅವರು ಕಡೆಗಣಿಸಿದರೆಂಬ ಟೀಕೆಯೂ ಇದೆ. ಹಂತಗಳ ಕ್ರಮವು ಸಾಮಾನ್ಯವಾಗಿದ್ದರೂ ವೇಗವು ಮಗುವಿನಿಂದ ಮಗುವಿಗೆ ಭಿನ್ನವೆಂದು ಅವರೇ ಒಪ್ಪಿದ್ದರು. ಆದರೂ ಅವರು ನೀಡಿದ ಸರಾಸರಿ ವಯಸ್ಸನ್ನು ಅನೇಕ ಪೋಷಕರು ಗಡುವೆಂದೇ ಭಾವಿಸಿದರು. ಬೆಳವಣಿಗೆಯಲ್ಲಿನ ವಿಳಂಬವನ್ನು ಬೇಗ ಗುರುತಿಸಲು ನಂತರ ರೂಪುಗೊಂಡ ಹಲವು ಮಾಪಕಗಳಿಗೆ ಅವರ ದಾಖಲೆಗಳೇ ಆಧಾರವಾದವು.