ಇಂಗ್ಲಿಷ್‌ನಲ್ಲೇ ಫೇಲಾಗಿದ್ದ ಹೆಡ್‌ಮಾಸ್ಟರ್ ಮಗ: ಆರ್.ಕೆ. ನಾರಾಯಣ್ ಮೈಸೂರು ವಿ.ವಿ. ಮೆಟ್ಟಿಲು ಹತ್ತಿದ ಕಥೆ

ತುಮಕೂರು: ರಿಸಲ್ಟ್ ಬಂದ ದಿನ ಗುಬ್ಬಿಯಲ್ಲಾಗಲಿ, ಕುಣಿಗಲ್‌ನಲ್ಲಾಗಲಿ ಅಂಗಡಿ ಬಾಗಿಲಲ್ಲಿ ಕೇಳಿಬರುವ ಪ್ರಶ್ನೆ ಒಂದೇ, ಮಗುಗೆ ಎಷ್ಟು ಬಂತು ಅಂತ. ತೊಂಬತ್ತರ ಮೇಲೆ ತೆಗೆದವರ ಫ್ಲೆಕ್ಸ್ ಮಾರನೇ ದಿನವೇ ಬಿ.ಎಚ್. ರಸ್ತೆಯಲ್ಲಿ ಏಳುತ್ತೆ. ಐವತ್ತೈದು, ಅರವತ್ತು ಬಂದವರು, ಒಂದು ಸಬ್ಜೆಕ್ಟ್‌ನಲ್ಲಿ ಹೋದವರು ಎರಡು ದಿನ ಮನೆಯಿಂದ ಹೊರಗೆ ಬರೋದೇ ಇಲ್ಲ. ಒಳ್ಳೆ ಸರ್ಕಾರಿ ಕಾಲೇಜು, ಯೂನಿವರ್ಸಿಟಿ ಸೀಟು ಇನ್ನು ನಮ್ಮ ಪಾಲಿಗಿಲ್ಲ ಅನ್ನೋ ಲೆಕ್ಕಾಚಾರ ಅಪ್ಪ-ಅಮ್ಮನ ತಲೆಯಲ್ಲಿ ಶುರುವಾಗಿರುತ್ತೆ.

ಸುಮಾರು ನೂರು ವರ್ಷದ ಹಿಂದೆ ಮೈಸೂರಿನ ಒಂದು ಮನೆಯಲ್ಲೂ ಇದೇ ಆಗಿತ್ತು. ಅಪ್ಪ ಹೈಸ್ಕೂಲ್ ಹೆಡ್‌ಮಾಸ್ಟರ್. ಮಗ ಅದೇ ಸ್ಕೂಲಲ್ಲಿ ಓದಿ ಯೂನಿವರ್ಸಿಟಿ ಎಂಟ್ರೆನ್ಸ್ ಪರೀಕ್ಷೆಯಲ್ಲಿ ಫೇಲ್, ಅದೂ ಇಂಗ್ಲಿಷ್‌ನಲ್ಲಿ. ಆ ಹುಡುಗ ಮುಂದೆ ಇಂಗ್ಲಿಷ್‌ನಲ್ಲೇ ಬರೆದು ಲೋಕವೆಲ್ಲ ಓದುವ ಕಾದಂಬರಿಕಾರರಾದರು. ಅವರೇ ಮಾಲ್ಗುಡಿಯ ಆರ್.ಕೆ. ನಾರಾಯಣ್.

ಅಜ್ಜಿ ಮನೆಯ ಹುಡುಗ

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ತಂದೆ ಆರ್.ವಿ. ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದರು. ಚನ್ನಪಟ್ಟಣ, ಹಾಸನ ಅಂತ ವರ್ಗವಾಗುತ್ತಲೇ ಇತ್ತು. ಹಾಗಾಗಿ ಬಾಲ್ಯದ ಹೆಚ್ಚು ಕಾಲ ಮದರಾಸಿನ ಪುರಸವಾಕ್ಕಂನಲ್ಲಿ ಅಜ್ಜಿಯ ಜೊತೆ ಕಳೆಯಿತು. ಮಗ್ಗಿ, ಪುರಾಣದ ಕಥೆ, ಸಂಸ್ಕೃತ ಎಲ್ಲ ಅಜ್ಜಿಯೇ ಕಲಿಸಿದ್ದು. ಸ್ಕೂಲು ಮಾತ್ರ ಹುಡುಗನಿಗೆ ಹಿಡಿಸಲೇ ಇಲ್ಲ.

ತಂದೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ಹೆಡ್‌ಮಾಸ್ಟರ್ ಆಗಿ ಬಂದ ಮೇಲೆ ನಾರಾಯಣ್ ಕೂಡ ಮೈಸೂರಿಗೆ ಬಂದರು. ಅಪ್ಪ ಬಹಳ ಶಿಸ್ತಿನ ಮನುಷ್ಯ, ಓದುವ ಹುಚ್ಚಿದ್ದವರು. ಸ್ಕೂಲಿನ ಲೈಬ್ರರಿಗೆ ಬರುತ್ತಿದ್ದ ಪುಸ್ತಕ, ವಿದೇಶಿ ಪತ್ರಿಕೆಗಳು ಮನೆಗೂ ಬರುತ್ತಿದ್ದವು. ಹುಡುಗ ಪಠ್ಯಪುಸ್ತಕ ಬಿಟ್ಟು ಅವನ್ನೇ ಓದುತ್ತಿದ್ದ.

ಆ ಕಾಲದ ಸೀಟು

ಆಗಿನ ವ್ಯವಸ್ಥೆ ಸ್ವಲ್ಪ ತಿಳಿದಿರಬೇಕು. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ. ಇಡೀ ಸಂಸ್ಥಾನಕ್ಕೆ ಅದೊಂದೇ ವಿ.ವಿ. ಆರ್ಟ್ಸ್ ಓದಬೇಕಾದರೆ ಮೈಸೂರಿನ ಮಹಾರಾಜಾ ಕಾಲೇಜು, ಸೈನ್ಸ್‌ಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹುಡುಗರೂ ಡಿಗ್ರಿ ಬೇಕು ಅಂದರೆ ಊರು ಬಿಟ್ಟು ಅಲ್ಲಿಗೇ ಹೋಗಬೇಕಿತ್ತು. ತುಮಕೂರಿಗೇ ಒಂದು ವಿಶ್ವವಿದ್ಯಾನಿಲಯ ಅಂತ ಆಗಿದ್ದು 2004ರಲ್ಲಿ.

ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರಲ್ಲಿ, ವಿ.ವಿ.ಗೆ ರಿಜಿಸ್ಟ್ರಾರ್ ಆಗಿದ್ದವರಲ್ಲಿ ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರೂ ಒಬ್ಬರು. ಕನ್ನಡಿಗರಿಗೆ ಬಿ.ಎಂ.ಶ್ರೀ ಅಂತಲೇ ಪರಿಚಯ. ಅಂಥವರಿದ್ದ ಕಾಲೇಜಿಗೆ ಸೇರೋಕೆ ಯೂನಿವರ್ಸಿಟಿ ಎಂಟ್ರೆನ್ಸ್ ಪಾಸಾಗಲೇಬೇಕು. ನಾರಾಯಣ್ ಬಿದ್ದಿದ್ದು ಅಲ್ಲೇ.

ಮನೆಯಲ್ಲಿ ಕೂತ ಒಂದು ವರ್ಷ

ಮೈಸೂರು ಆಗ ಸಣ್ಣ ಊರು. ಹೆಡ್‌ಮಾಸ್ಟರ್ ಮಗನೇ ಫೇಲು ಅನ್ನೋದು ಮುಚ್ಚಿಡುವ ಸುದ್ದಿಯಾಗಿರಲಿಲ್ಲ. ಜೊತೆಯವರು ಕಾಲೇಜಿಗೆ ಹೋದರು, ನಾರಾಯಣ್ ಮನೆಯಲ್ಲಿ ಉಳಿದರು.

ಆ ಒಂದು ವರ್ಷವನ್ನು ಅವರು ಕಳೆದಿದ್ದು ಓದಿನಲ್ಲಿ. ಬೆಳಿಗ್ಗೆ ಪುಸ್ತಕ ಕೈಯಲ್ಲಿ ಹಿಡಿದು ಕುಕ್ಕರಹಳ್ಳಿ ಕೆರೆ ಕಡೆ ಹೋಗೋದು, ಮರದ ಕೆಳಗೆ ಕೂತು ಓದೋದು, ಸಂಜೆ ಊರು ಸುತ್ತೋದು. ಬರೆಯುವ ಅಭ್ಯಾಸವೂ ಆಗಲೇ ಶುರುವಾಯಿತು. ಪರೀಕ್ಷೆಗೆ ಮಾತ್ರ ಬೆನ್ನು ತಿರುಗಿಸಲಿಲ್ಲ. ಮತ್ತೆ ಬರೆದರು, 1926ರಲ್ಲಿ ಪಾಸಾದರು, ಮಹಾರಾಜಾ ಕಾಲೇಜಿಗೆ ಸೇರಿದರು.

ಕಾಲೇಜಿನಲ್ಲೂ ಅವರು ರ್‍ಯಾಂಕ್ ವಿದ್ಯಾರ್ಥಿಯಾಗಲಿಲ್ಲ. ಮೂರು ವರ್ಷದ ಬಿ.ಎ.ಗೆ ನಾಲ್ಕು ವರ್ಷ ಹಿಡಿಯಿತು. ಡಿಗ್ರಿ ಕೈಗೆ ಬಂದಿದ್ದು 1930ರಲ್ಲಿ. ಎಂ.ಎ. ಮಾಡುವ ಯೋಚನೆ ಇತ್ತು. ಸಾಹಿತ್ಯವನ್ನು ಪರೀಕ್ಷೆಗಾಗಿ ಓದಿದರೆ ಅದರ ಮೇಲಿನ ಪ್ರೀತಿಯೇ ಹೋಗುತ್ತೆ ಅಂತ ಸ್ನೇಹಿತರೊಬ್ಬರು ಎಚ್ಚರಿಸಿದ ಮೇಲೆ ಅದನ್ನು ಕೈಬಿಟ್ಟರು. ಮೇಷ್ಟ್ರ ಕೆಲಸಕ್ಕೂ ಸೇರಿ ನೋಡಿದರು. ಡ್ರಿಲ್ ಮಾಸ್ಟರ್ ಬದಲಿಗೆ ಕ್ಲಾಸ್ ತಗೊಳ್ಳಿ ಅಂತ ಹೆಡ್‌ಮಾಸ್ಟರ್ ಹೇಳಿದ್ದಕ್ಕೆ ಬೇಸರವಾಗಿ ಕೆಲಸ ಬಿಟ್ಟು ವಾಪಸ್ ಬಂದರು.

ಒಂಬತ್ತು ರೂಪಾಯಿ ಹನ್ನೆರಡಾಣೆ

ಬರೆದೇ ಬದುಕುತ್ತೇನೆ ಅಂತ ಕೂತ ಮೊದಲ ವರ್ಷ ಅವರಿಗೆ ಬಂದ ಒಟ್ಟು ಆದಾಯ ಒಂಬತ್ತು ರೂಪಾಯಿ ಹನ್ನೆರಡಾಣೆ. ವ್ಯಾಪಾರಸ್ಥರ ಮನೆಯಲ್ಲಿ ಇಂಥ ಮಗನಿದ್ದಿದ್ದರೆ ಮಾರನೇ ದಿನವೇ ಗಲ್ಲಾದಲ್ಲಿ ಕೂರಿಸುತ್ತಿದ್ದರು. ನಾರಾಯಣ್ ಕೆಲವು ಕಾಲ ಮದರಾಸಿನ ಒಂದು ಪತ್ರಿಕೆಗೆ ಮೈಸೂರಿನಿಂದ ಸುದ್ದಿ ಕಳಿಸಿದರು. ಮಾರುಕಟ್ಟೆ, ಕೋರ್ಟು, ಮುನಿಸಿಪಾಲಿಟಿ ಅಂತ ಅಲೆದಾಡಿದರು. ಆ ಅಲೆದಾಟವೇ ಮುಂದೆ ಕಾದಂಬರಿಗಳಿಗೆ ಸರಕಾಯಿತು. ಅವರ ಪುಸ್ತಕಗಳಲ್ಲಿ ಬರುವ ಮಿಠಾಯಿ ಅಂಗಡಿಯವ, ಪ್ರಿಂಟಿಂಗ್ ಪ್ರೆಸ್‌ನವ, ಸಾಲ ಕೊಡಿಸುವವ, ಸೈನ್‌ಬೋರ್ಡ್ ಬರೆಯುವವ ಎಲ್ಲರೂ ಯಾವುದೇ ತಾಲ್ಲೂಕು ಪೇಟೆಯಲ್ಲಿ ಸಿಗುವ ಜನ.

1930ರ ವಿಜಯದಶಮಿಯಂದು ಹೊಸ ನೋಟ್‌ಪುಸ್ತಕ ತೆಗೆದು ಬರೆಯಲು ಕೂತಾಗ ಮನಸ್ಸಿಗೆ ಬಂದಿದ್ದು ಒಂದು ರೈಲ್ವೆ ಸ್ಟೇಷನ್. ಅದರ ಹೆಸರು ಮಾಲ್ಗುಡಿ. ಸ್ಕೂಲು ಅಂದರೆ ಹೆದರುವ, ಪರೀಕ್ಷೆ ಅಂದರೆ ಬೆವರುವ ಹುಡುಗ ಸ್ವಾಮಿಯ ಕಥೆ ಹಾಗೆ ಹುಟ್ಟಿತು. ಪ್ರಕಾಶಕರು ಒಬ್ಬರ ಹಿಂದೆ ಒಬ್ಬರು ವಾಪಸ್ ಕಳಿಸಿದರು. ಕೊನೆಗೆ ಹಸ್ತಪ್ರತಿ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ ಅವರ ಕೈಯಲ್ಲಿತ್ತು. ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಅಂತ ನಾರಾಯಣ್ ಬರೆದರು. ಗೆಳೆಯ ಎಸೆಯಲಿಲ್ಲ, ಕಾದಂಬರಿಕಾರ ಗ್ರಹಾಂ ಗ್ರೀನ್‌ಗೆ ತೋರಿಸಿದರು. ಗ್ರೀನ್ ಮೆಚ್ಚಿ ಪ್ರಕಾಶಕರಿಗೆ ಒಪ್ಪಿಸಿದರು. 1935ರಲ್ಲಿ ಸ್ವಾಮಿ ಅಂಡ್ ಫ್ರೆಂಡ್ಸ್ ಲಂಡನ್ನಿನಲ್ಲಿ ಅಚ್ಚಾಯಿತು. ಎರಡನೇ ಪುಸ್ತಕದ ಹೆಸರೇ ದಿ ಬ್ಯಾಚುಲರ್ ಆಫ್ ಆರ್ಟ್ಸ್, 1937ರದ್ದು.

ಆಮೇಲೆ ದೊಡ್ಡ ಪೆಟ್ಟು ಬಿತ್ತು. 1939ರಲ್ಲಿ ಪತ್ನಿ ರಾಜಂ ಟೈಫಾಯ್ಡ್‌ನಿಂದ ತೀರಿಕೊಂಡರು. ಮಗಳು ಹೇಮಾ ಇನ್ನೂ ಚಿಕ್ಕವಳು. ನಾರಾಯಣ್ ಮರುಮದುವೆ ಆಗಲಿಲ್ಲ. ಆ ದುಃಖದಿಂದ ಹುಟ್ಟಿದ ದಿ ಇಂಗ್ಲಿಷ್ ಟೀಚರ್ 1945ರಲ್ಲಿ ಬಂತು. ಯುದ್ಧದ ಕಾಲದಲ್ಲಿ ವಿದೇಶದ ಪ್ರಕಾಶಕರ ಸಂಪರ್ಕ ಕಡಿದಾಗ ಮೈಸೂರಿನಲ್ಲೇ ಇಂಡಿಯನ್ ಥಾಟ್ ಪಬ್ಲಿಕೇಷನ್ಸ್ ಶುರುಮಾಡಿ ತಮ್ಮ ಪುಸ್ತಕಕ್ಕೆ ತಾವೇ ಅಂಗಡಿ ಇಟ್ಟರು. 1958ರ ದಿ ಗೈಡ್‌ಗೆ 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ತಮ್ಮನಿಗೂ ಬಾಗಿಲು ಮುಚ್ಚಿತ್ತು

ಅದೇ ಮನೆಯ ಕೊನೆಯ ಮಗ ಆರ್.ಕೆ. ಲಕ್ಷ್ಮಣ್ ಬೊಂಬಾಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಅರ್ಜಿ ಹಾಕಿದ್ದರು. ಚಿತ್ರಗಳಲ್ಲಿ ಪ್ರತಿಭೆ ಸಾಲದು ಅಂತ ಸೀಟು ಕೊಡಲಿಲ್ಲ. ಅವರು ಮೈಸೂರು ವಿ.ವಿ.ಯಲ್ಲೇ ಬಿ.ಎ. ಓದಿದರು, ಬಿಡದೆ ಚಿತ್ರ ಬರೆದರು, ಕಾಮನ್ ಮ್ಯಾನ್ ಮೂಲಕ ದೇಶದ ಅತ್ಯಂತ ಹೆಸರುವಾಸಿ ವ್ಯಂಗ್ಯಚಿತ್ರಕಾರರಾದರು. ಸೀಟು ಕೊಡದ ಸಂಸ್ಥೆಯೇ ಮುಂದೆ ಅವರನ್ನು ಅತಿಥಿಯಾಗಿ ಕರೆಯಿತು. ನಾರಾಯಣ್‌ಗೂ ಹಾಗೇ ಆಯಿತು. ಒಮ್ಮೆ ಬಾಗಿಲಲ್ಲೇ ನಿಲ್ಲಿಸಿದ್ದ ಮೈಸೂರು ವಿ.ವಿ. 1976ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ರಾಜ್ಯಸಭೆಯಲ್ಲಿ ಸ್ಕೂಲ್ ಬ್ಯಾಗ್ ಮಾತು

1986ರಲ್ಲಿ ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡರು. ಅಲ್ಲಿ ಅವರು ಎತ್ತಿದ ವಿಷಯ ಸ್ಕೂಲ್ ಮಕ್ಕಳ ಬ್ಯಾಗಿನ ಭಾರ. ಪುಸ್ತಕದ ಹೊರೆಗೆ ಮಕ್ಕಳ ಬೆನ್ನು ಬಾಗುತ್ತಿದೆ, ಆಡೋಕೆ, ಕನಸು ಕಾಣೋಕೆ ಪುರುಸೊತ್ತೇ ಉಳಿದಿಲ್ಲ ಅನ್ನೋದು ಅವರ ಸಂಕಟ. ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ವಿಜ್ಞಾನಿ ಪ್ರೊ. ಯಶಪಾಲ್ ನೇತೃತ್ವದಲ್ಲಿ ಸಮಿತಿಯಾಯಿತು, 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ವರದಿ ಬಂತು. ಬ್ಯಾಗಿನ ಭಾರಕ್ಕಿಂತ ಅರ್ಥವಾಗದೆ ಓದುವ ಭಾರವೇ ಹೆಚ್ಚು ಅಂತ ಆ ವರದಿ ಗುರುತಿಸಿತು. ಎಂಬತ್ತು ದಾಟಿದ ಮೇಲೂ ಫೇಲಾದ ಆ ಹುಡುಗನನ್ನು ನಾರಾಯಣ್ ಮರೆತಿರಲಿಲ್ಲ.

ಅವರು ತೀರಿಕೊಂಡಿದ್ದು 2001ರ ಮೇ 13ರಂದು, ಚೆನ್ನೈನಲ್ಲಿ.

ಈಗಿನ ಮಕ್ಕಳಿಗೆ

ಇದನ್ನು ಓದಿ ಮಾರ್ಕ್ಸ್ ಬೇಡವೇ ಬೇಡ ಅಂದುಕೊಳ್ಳೋದು ತಪ್ಪಾಗುತ್ತೆ. ನಾರಾಯಣ್ ಎಂಟ್ರೆನ್ಸ್ ಮತ್ತೆ ಬರೆದು ಪಾಸಾದ ಮೇಲೇ ಕಾಲೇಜು ಸೇರಿದ್ದು. ಮನೆಯಲ್ಲಿ ಅಪ್ಪನ ಸಂಬಳವಿತ್ತು, ಪುಸ್ತಕಗಳಿದ್ದವು, ಒಂದು ವರ್ಷ ಕೂರೋಕೆ ಅವಕಾಶವಿತ್ತು. ಎಲ್ಲ ಮನೆಗಳಲ್ಲೂ ಅಷ್ಟು ಅನುಕೂಲ ಇರಲ್ಲ.

ಆದರೆ ಈಗ ವರ್ಷ ಕಾಯಬೇಕಾಗಿಲ್ಲ. 2024ರಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಫೇಲಾದವರಷ್ಟೇ ಅಲ್ಲ, ಕಡಿಮೆ ಬಂತು ಅನ್ನುವವರೂ ಮತ್ತೆ ಬರೆದು ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ರಿಸಲ್ಟ್ ದಿನ ಮನೆಯಲ್ಲಿ ಜಗಳ ಮಾಡುವುದಕ್ಕಿಂತ ಮುಂದಿನ ಪರೀಕ್ಷೆಯ ಅರ್ಜಿಗೆ ಕೊನೆ ದಿನ ಯಾವುದು ಅಂತ ಕಾಲೇಜಿನಲ್ಲಿ ಕೇಳಿಕೊಂಡು ಬರೋದು ಲಾಭ.

ತುಮಕೂರು, ಗುಬ್ಬಿ ಮೇಲೆ ಹಾದು ತಾಳಗುಪ್ಪಕ್ಕೆ ಹೋಗುವ ರೈಲು ಶಿವಮೊಗ್ಗ ದಾಟಿದ ಮೇಲೆ ಅರಸಾಳು ಅನ್ನುವ ಸಣ್ಣ ಸ್ಟೇಷನ್ ಸಿಗುತ್ತೆ. ಶಂಕರ್‌ನಾಗ್ ಅವರ ಮಾಲ್ಗುಡಿ ಡೇಸ್ ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದು ಅದೇ. ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ. ರಜೆಯಲ್ಲಿ ಮಕ್ಕಳನ್ನು ಒಂದು ಸಲ ಕರೆದುಕೊಂಡು ಹೋಗಬಹುದು, ಕಡಿಮೆ ಮಾರ್ಕ್ಸ್ ಬಂದವರನ್ನು ಮೊದಲು.