ಗಾಜಿನೊಳಗೆ ಎಲೆಕ್ಟ್ರಾನ್‌ಗಳ ಜಾಡು ಹಿಡಿದ ನೆವಿಲ್ ಮಾಟ್

ಕಿಟಕಿಯ ಗಾಜು ವಿದ್ಯುತ್ತಿಗೆ ಅವಾಹಕವೆಂದು ನೀವು ಓದಿದ್ದೀರಿ. ಆದರೆ ಆರ್ಸೆನಿಕ್, ಸೆಲೆನಿಯಮ್, ಟೆಲ್ಯುರಿಯಮ್‌ಗಳನ್ನು ಒಟ್ಟಿಗೆ ಕರಗಿಸಿ ತಣಿಸಿದರೆ ಸಿಗುವ ಕಪ್ಪು ಗಾಜು ಅರೆವಾಹಕ. 1955ರಲ್ಲಿ ಲೆನಿನ್‌ಗ್ರಾಡಿನ ಗೊರ್ಯುನೋವಾ ಮತ್ತು ಕೊಲೊಮಿಯೆಟ್ಸ್ ಇಂತಹ ಗಾಜುಗಳ ಗುಣವನ್ನು ಪ್ರಕಟಿಸಿದರು. ಇದು ವಿಜ್ಞಾನಿಗಳಿಗೆ ಒಗಟಾಯಿತು. ಏಕೆಂದರೆ ಅರೆವಾಹಕಗಳ ಸಿದ್ಧಾಂತವೆಲ್ಲ ಸ್ಫಟಿಕದ ಮೇಲೆ, ಅಂದರೆ ಸಾಲಾಗಿ ಜೋಡಿಸಿದ ಪರಮಾಣುಗಳ ಮೇಲೆ ನಿಂತಿತ್ತು. ಗಾಜಿನಲ್ಲಿ ಆ ಸಾಲೇ ಇಲ್ಲ! ಈ ಒಗಟನ್ನು ಬಿಡಿಸಲು ಮುಂದಾದವರಲ್ಲಿ ಪ್ರಮುಖರು ಸರ್ ನೆವಿಲ್ ಮಾಟ್.

ಮಾಟ್ ಹುಟ್ಟಿದ್ದು 1905ರ ಸೆಪ್ಟೆಂಬರ್ 30ರಂದು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ತಂದೆ ತಾಯಿ ಇಬ್ಬರೂ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಹತ್ತು ವರ್ಷದವರೆಗೆ ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರ ಬಳಿ ಕಲಿತ ಅವರು 1933ರಲ್ಲಿ ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕರಾದರು. ಲೋಹ, ಮಿಶ್ರಲೋಹಗಳ ಕುರಿತ ಅವರ ಗ್ರಂಥ 1936ರಲ್ಲಿ ಬಂತು. 1954ರಿಂದ 1971ರವರೆಗೆ ಕ್ಯಾವೆಂಡಿಷ್ ಪ್ರಾಧ್ಯಾಪಕರಾಗಿದ್ದರು.

ಅರುವತ್ತರ ಹೊಸ್ತಿಲಲ್ಲಿ ನಿಂತವರು ಗಳಿಸಿದ ಕೀರ್ತಿಯಲ್ಲೇ ಉಳಿಯಬಹುದಿತ್ತು. ಮಾಟ್ ಹಾಗೆ ಮಾಡಲಿಲ್ಲ. ಅನೇಕರು ಕ್ರಮವಿಲ್ಲದ ಗೊಂದಲವೆಂದು ಬದಿಗಿಟ್ಟಿದ್ದ ಗಾಜಿನ ಅಧ್ಯಯನಕ್ಕೆ ಹೊಸ ವಿದ್ಯಾರ್ಥಿಯಂತೆ ಇಳಿದರು.

ಅವರು ಕಂಡುಕೊಂಡದ್ದನ್ನು ಗಮನಿಸಿ. ಗಾಜಿನಲ್ಲಿ ದೂರದ ಕ್ರಮ ಇಲ್ಲದಿದ್ದರೂ ನೆರೆಹೊರೆಯ ಕ್ರಮ ಇದೆ. ಸೆಲೆನಿಯಮ್‌ಗೆ 2, ಆರ್ಸೆನಿಕ್‌ಗೆ 3, ಜರ್ಮೇನಿಯಮ್‌ಗೆ 4 ನೆರೆಯ ಪರಮಾಣುಗಳು. ಸಿಲಿಕಾನ್ ಸ್ಫಟಿಕಕ್ಕೆ ಆರ್ಸೆನಿಕ್ ಬೆರೆಸಿದರೆ, 4 ಬಂಧಗಳ ಚೌಕಟ್ಟಿಗೆ ಅದು ಹೊಂದಿಕೊಳ್ಳಲೇಬೇಕು. ಉಳಿದ ಒಂದು ಎಲೆಕ್ಟ್ರಾನ್ ಸುಲಭವಾಗಿ ಬಿಡುಗಡೆಯಾಗಿ ವಿದ್ಯುತ್ ಹರಿಯಲು ನೆರವಾಗುತ್ತದೆ. ಗಾಜಿನಲ್ಲಿ ಅಂತಹ ಬಲವಂತವಿಲ್ಲ. ಪ್ರತಿ ಪರಮಾಣುವೂ ತನಗೆ ಬೇಕಾದಷ್ಟೇ ಬಂಧ ಮಾಡಿಕೊಳ್ಳುತ್ತದೆ, ಬಿಡಿ ಎಲೆಕ್ಟ್ರಾನ್ ಉಳಿಯುವುದಿಲ್ಲ. ಬೆರಕೆಯಿಂದ ಈ ಗಾಜುಗಳ ವಾಹಕತೆ ಅಷ್ಟಾಗಿ ಬದಲಾಗದಿರಲು ಅವರು ನೀಡಿದ ಕಾರಣವಿದು.

ಇನ್ನೊಂದು ವಿಚಾರ. ಕ್ರಮಗೇಡು ಹೆಚ್ಚಿದ್ದಲ್ಲಿ ಎಲೆಕ್ಟ್ರಾನ್ ಒಂದೇ ಜಾಗದಲ್ಲಿ ಸಿಕ್ಕಿಬೀಳಬಹುದೆಂದು ಫಿಲಿಪ್ ಆಂಡರ್ಸನ್ 1958ರಲ್ಲಿ ತೋರಿಸಿದ್ದರು. ಮಾಟ್ ಇದನ್ನು ಗಾಜಿಗೆ ಅನ್ವಯಿಸಿದರು. ಒಂದು ಶಕ್ತಿಮಟ್ಟದ ಗಡಿಯ ಆಚೆ ಎಲೆಕ್ಟ್ರಾನ್ ವಸ್ತುವಿನ ಉದ್ದಕ್ಕೂ ಸಾಗುತ್ತದೆ. ಈಚೆ ಇದ್ದರೆ ಸಿಕ್ಕಿಬೀಳುತ್ತದೆ, ಒಂದು ತಾಣದಿಂದ ಇನ್ನೊಂದಕ್ಕೆ ಜಿಗಿದೇ ಹೋಗಬೇಕು. ತಂಪು ಹೆಚ್ಚಿದಂತೆ ಅದು ಹತ್ತಿರದ ತಾಣ ಬಿಟ್ಟು, ಶಕ್ತಿಯಲ್ಲಿ ಹೊಂದುವ ದೂರದ ತಾಣಕ್ಕೆ ಜಿಗಿಯುತ್ತದೆಂದೂ ಅವರು ಲೆಕ್ಕ ಹಾಕಿದರು. ಡೇವಿಸ್ ಜೊತೆ ಬರೆದ ಗ್ರಂಥ 1971ರಲ್ಲಿ, ಅವರು ನಿವೃತ್ತರಾದ ವರ್ಷವೇ, ಹೊರಬಂತು.

ಅವರ ಬಂಧದ ನಿಯಮ ಎಲ್ಲಕ್ಕೂ ಸಲ್ಲಲಿಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಸ್ಪಿಯರ್ ಮತ್ತು ಲೆಕೋಂಬರ್, ಸ್ಫಟಿಕವಲ್ಲದ ಸಿಲಿಕಾನ್‌ಗೂ ಬೆರಕೆಯಿಂದ ವಾಹಕತೆ ಹೆಚ್ಚಿಸಬಹುದೆಂದು ತೋರಿಸಿದರು. ಕ್ಯಾಲ್ಕುಲೇಟರಿನ ಸೌರಪಟ್ಟಿ ಇಂತಹ ಸಿಲಿಕಾನ್‌ನದೇ. ಮತ್ತೆ ಮತ್ತೆ ಬರೆಯಬಲ್ಲ ಡಿವಿಡಿಯಲ್ಲಿರುವುದೂ ಜರ್ಮೇನಿಯಮ್, ಆಂಟಿಮೊನಿ, ಟೆಲ್ಯುರಿಯಮ್ ಮುಂತಾದವುಗಳ ಮಿಶ್ರಣ. ಲೇಸರ್ ಬೆಳಕು ಅದನ್ನು ಗಾಜಾಗಿಯೂ ಸ್ಫಟಿಕವಾಗಿಯೂ ಬದಲಿಸುತ್ತದೆ.

1977ರಲ್ಲಿ ಆಂಡರ್ಸನ್ ಮತ್ತು ವ್ಯಾನ್ ವ್ಲೆಕ್ ಜೊತೆ ಮಾಟ್‌ಗೆ ನೊಬೆಲ್ ಬಂದಾಗ ಅವರಿಗೆ 72 ವರ್ಷ. ಎಂಬತ್ತು ದಾಟಿದ ಮೇಲೆ ಅತಿವಾಹಕಗಳ ಹೊಸ ಸಮಸ್ಯೆಗೆ ಕೈ ಹಾಕಿದರು. 1996ರ ಆಗಸ್ಟ್ 8ರಂದು ನಿಧನರಾದರು.

ಪರೀಕ್ಷೆ ಮುಗಿದೊಡನೆ ಪುಸ್ತಕ ಕಟ್ಟಿಡುವ ವಿದ್ಯಾರ್ಥಿಗಳೇ, ಕೆಲಸಕ್ಕೆ ಸೇರಿದ ಮೇಲೆ ಓದು ಸಾಕೆನ್ನುವ ಹಿರಿಯರೇ, ಮಾಟ್ ಅವರಿಗೆ ನೊಬೆಲ್ ತಂದುಕೊಟ್ಟ ಕೆಲಸದ ಬಹುಭಾಗ ಆರಂಭವಾದದ್ದು ಅರುವತ್ತರ ಆಸುಪಾಸಿನಲ್ಲಿ ಎಂಬುದನ್ನು ಮರೆಯದಿರಿ.