ಬೇಡರ ಕಣ್ಣಪ್ಪನಿಂದ ನೇತ್ರದಾನದವರೆಗೆ: ಡಾ. ರಾಜ್‌ಕುಮಾರ್ ಉಳಿಸಿಹೋದ ಬೆಳಕು

ಕೋಲಾರ: ಮುಳಬಾಗಿಲು ದಾಟಿ ಆಂಧ್ರದ ಗಡಿ ಸೇರುವ ಹೆದ್ದಾರಿಯಲ್ಲಿ ಚಿತ್ತೂರು, ತಿರುಪತಿಗಳ ಮೂಲಕ ಸಾಗಿದರೆ ಶ್ರೀಕಾಳಹಸ್ತಿ ಸಿಗುತ್ತದೆ. ಶಿವಲಿಂಗದ ಕಣ್ಣಿನಲ್ಲಿ ರಕ್ತ ಸುರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಅರ್ಪಿಸಿದ ಬೇಡ ಕಣ್ಣಪ್ಪನ ಕಥೆ ಆ ಕ್ಷೇತ್ರದ್ದು. ಕೋಲಾರ ಸೀಮೆಯ ಭಕ್ತರಿಗೆ ಚಿರಪರಿಚಿತವಾದ ಈ ಕಥೆಯನ್ನು 1954ರಲ್ಲಿ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಬೇಡರ ಕಣ್ಣಪ್ಪ ಎಂಬ ಹೆಸರಿನಲ್ಲಿ ತೆರೆಗೆ ತಂದರು. ಕಣ್ಣಪ್ಪನ ಪಾತ್ರಕ್ಕೆ ಆಯ್ಕೆಯಾದ ರಂಗನಟ ಮುತ್ತುರಾಜ್ ಆ ಚಿತ್ರದಿಂದ ರಾಜ್‌ಕುಮಾರ್ ಆದರು. ತೆರೆಯ ಮೇಲೆ ಕಣ್ಣು ಕೊಟ್ಟು ನಾಯಕನಾದ ಆ ನಟ, 52 ವರ್ಷಗಳ ನಂತರ ನಿಜವಾಗಿಯೂ ಕಣ್ಣು ಕೊಟ್ಟು ನಿರ್ಗಮಿಸಿದರು.

ರಾಜ್‌ಕುಮಾರ್ ಜನಿಸಿದ್ದು 1929ರ ಏಪ್ರಿಲ್ 24ರಂದು, ಇಂದು ತಮಿಳುನಾಡಿಗೆ ಸೇರಿರುವ ತಾಳವಾಡಿ ಸಮೀಪದ ದೊಡ್ಡ ಗಾಜನೂರಿನಲ್ಲಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಂಗನಟರು, ತಾಯಿ ಲಕ್ಷ್ಮಮ್ಮ. ಬಾಲಕ ಮುತ್ತುರಾಜನ ಶಾಲಾ ವಿದ್ಯಾಭ್ಯಾಸ ಅಲ್ಪದಲ್ಲಿಯೇ ಮುಗಿಯಿತು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯೇ ಪಾಠಶಾಲೆಯಾಯಿತು. ಮಾತು, ಹಾಡು, ಶಿಸ್ತು ಎಲ್ಲವೂ ಅಲ್ಲಿಯೇ ಕೈವಶವಾದವು.

ಬೇಡರ ಕಣ್ಣಪ್ಪದ ನಂತರ ಅವರು ಹಿಂದಿರುಗಿ ನೋಡಲಿಲ್ಲ. ಪೌರಾಣಿಕ, ಐತಿಹಾಸಿಕ, ಸಾಮಾಜಿಕವೆಂಬ ಭೇದವಿಲ್ಲದೆ 200ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. 1982ರ ಗೋಕಾಕ್ ಚಳವಳಿಗೆ ಅವರು ಧುಮುಕಿದಾಗ ಭಾಷೆಯ ಪ್ರಶ್ನೆ ರಾಜ್ಯದ ಮೂಲೆಮೂಲೆಯ ಜನರ ಪ್ರಶ್ನೆಯಾಯಿತು. 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕರ್ನಾಟಕ ರತ್ನ, 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗಳು ಅರಸಿ ಬಂದವು. 2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ಅಪಹರಿಸಿದ ಬಳಿಕ 108 ದಿನಗಳ ಕಾಡಿನ ವಾಸವನ್ನೂ ಅವರು ಸಂಯಮದಿಂದ ಕಳೆದರು.

ಈ ಬಿರುದು ಸನ್ಮಾನಗಳ ನಡುವೆ ಸದ್ದಿಲ್ಲದೆ ನಡೆದ ಕಾರ್ಯವೊಂದಿದೆ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕ್ ಆರಂಭವಾಯಿತು. ಅದನ್ನು ಉದ್ಘಾಟಿಸಿ ಹೊರಟುಬಿಡದೆ, ತಮ್ಮ ಹಾಗೂ ಕುಟುಂಬದವರ ನೇತ್ರದಾನಕ್ಕೆ ಅವರು ವಾಗ್ದಾನ ಮಾಡಿದರು. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡು ಎಂಬ ಮೂಢನಂಬಿಕೆ ಬಲವಾಗಿದ್ದ ನಾಡಿನಲ್ಲಿ, ಅಭಿಮಾನಿಗಳನ್ನೇ ದೇವರೆಂದು ಭಾವಿಸಿದ್ದ ನಟನ ಈ ನಡೆ ನೂರು ಭಾಷಣಗಳಿಗಿಂತ ಮಿಗಿಲಾಗಿತ್ತು.

2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ಶೋಕತಪ್ತ ನಗರ ಗಲಭೆಯಿಂದ ತತ್ತರಿಸಿದ ಹೊತ್ತಿನಲ್ಲಿಯೂ ವಾಗ್ದಾನ ಭಂಗವಾಗಲಿಲ್ಲ. ಮರುದಿನವೇ ಅವರ ಕಾರ್ನಿಯಾಗಳು ಇಬ್ಬರು ಯುವಕರಿಗೆ ಕಸಿಯಾದವು. 2017ರಲ್ಲಿ ಪತ್ನಿ ಪಾರ್ವತಮ್ಮ ಅವರ ನೇತ್ರದಾನವೂ ನೆರವೇರಿತು.

2021ರ ಅಕ್ಟೋಬರ್ 29ರಂದು ಕಿರಿಯ ಪುತ್ರ ಪುನೀತ್ 46ರ ಹರೆಯದಲ್ಲಿ ಅಗಲಿದಾಗ ವಿಜ್ಞಾನ ಬಹುದೂರ ಸಾಗಿತ್ತು. ತಂದೆಯ ಕಣ್ಣುಗಳು ಇಬ್ಬರಿಗೆ ಬೆಳಕಾದರೆ, ಮಗನ ಕಣ್ಣುಗಳು ನಾಲ್ವರಿಗೆ ಬೆಳಕಾದವು. ಪ್ರತಿ ಕಾರ್ನಿಯಾವನ್ನು ಪದರವಾಗಿ ಬೇರ್ಪಡಿಸಿ, ಮುಂದಿನ ಪದರವನ್ನು ಒಬ್ಬರಿಗೆ, ಹಿಂದಿನ ಪದರವನ್ನು ಮತ್ತೊಬ್ಬರಿಗೆ ಕಸಿ ಮಾಡಲಾಯಿತು. ಕಾರ್ನಿಯಾದ ಸುತ್ತಲಿನ ಅಂಚನ್ನೂ ವ್ಯರ್ಥ ಮಾಡದೆ, ಆಕರ ಕೋಶ ಅರ್ಥಾತ್ ಸ್ಟೆಮ್ ಸೆಲ್ ಬೆಳೆಸುವ ಪ್ರಯತ್ನಕ್ಕಾಗಿ ಪ್ರಯೋಗಾಲಯಕ್ಕೆ ಕಳುಹಿಸಿದ್ದಾಗಿ ವೈದ್ಯರು ತಿಳಿಸಿದ್ದರು.

ಆ ಅಂಚಿಗೆ ಲಿಂಬಸ್ ಎಂದು ಹೆಸರು. ಕಾರ್ನಿಯಾದ ಮೇಲ್ಮೈ ಸವೆದಂತೆಲ್ಲ ಹೊಸ ಜೀವಕೋಶಗಳನ್ನು ಪೂರೈಸುವ ಆಕರ ಕೋಶಗಳು ಇಲ್ಲಿರುತ್ತವೆ. ಸುಣ್ಣ, ಆಸಿಡ್ ಅಥವಾ ಪಟಾಕಿಯಿಂದ ಇವು ಸುಟ್ಟುಹೋದರೆ ಕಣ್ಣಿನ ಮೇಲೆ ಪೊರೆ ಬೆಳೆದು ದೃಷ್ಟಿ ಮಸುಕಾಗುತ್ತದೆ. ಅಂಥವರಿಗೆ ಬರಿಯ ಕಾರ್ನಿಯಾ ಕಸಿ ನಿಲ್ಲುವುದಿಲ್ಲ. ಒಂದು ಕಣ್ಣು ಆರೋಗ್ಯವಾಗಿದ್ದರೆ ಅದರ ಲಿಂಬಸ್‌ನಿಂದ ಸಣ್ಣ ಚೂರು ತೆಗೆದು, ತುಣುಕುಗಳನ್ನಾಗಿಸಿ ಗಾಯಗೊಂಡ ಕಣ್ಣಿನ ಮೇಲೆ ಬೆಳೆಸುವ ಸರಳ ವಿಧಾನವನ್ನು ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದರು. ಎರಡೂ ಕಣ್ಣು ಹಾಳಾದವರಿಗೆ ಆ ದಾರಿಯೂ ಇಲ್ಲ.

ಅವರ ಭರವಸೆ ಬೇರೊಂದು ಸಂಶೋಧನೆಯಲ್ಲಿದೆ. ರಾಜ್ ನಿಧನರಾದ 2006ರಲ್ಲಿಯೇ ಜಪಾನಿನ ಶಿನ್ಯಾ ಯಮನಾಕ, ಇಲಿಯ ಬಲಿತ ಜೀವಕೋಶಗಳನ್ನು ಮತ್ತೆ ಆಕರ ಕೋಶದ ಸ್ಥಿತಿಗೆ ತರುವ ವಿಧಾನ ಪ್ರಕಟಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಸಂದಿತು. ಇಂಥ ಕೋಶಗಳಿಂದ ಬೆಳೆಸಿದ ಕಾರ್ನಿಯಾ ಪದರವನ್ನು ಒಸಾಕಾ ವಿಶ್ವವಿದ್ಯಾನಿಲಯದ ವೈದ್ಯರು 2019ರಿಂದ ನಾಲ್ವರಿಗೆ ಕಸಿ ಮಾಡಿದರು. 2024ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಮೂವರಲ್ಲಿ ದೃಷ್ಟಿಯ ಸುಧಾರಣೆ ಒಂದು ವರ್ಷಕ್ಕೂ ಮೀರಿ ಉಳಿದಿತ್ತು. ಆದರೆ ಇದು ನಾಲ್ಕೇ ಜನರ ಫಲಿತಾಂಶ. ಆಸ್ಪತ್ರೆಯ ದೈನಂದಿನ ಚಿಕಿತ್ಸೆಯಾಗಲು ಕಾಲ ಬೇಕು.

ಅಲ್ಲಿಯವರೆಗೆ ಕಾರ್ನಿಯಾ ಬೇಕಾದವರು ದಾನಿಗಳನ್ನೇ ಅವಲಂಬಿಸಬೇಕು. ಇಲ್ಲಿ ತೊಡಕಾಗಿರುವುದು ವಿಜ್ಞಾನವಲ್ಲ, ಸಮಯ. ಮರಣಾನಂತರ ಸುಮಾರು ಆರು ಗಂಟೆಯೊಳಗೆ ಕಣ್ಣು ಸಂಗ್ರಹಿಸಬೇಕು. ಬೆಂಗಳೂರಿನ ಬಡಾವಣೆಯಲ್ಲಿ ಇದು ಸುಲಭ. ಶ್ರೀನಿವಾಸಪುರದ ಮಾವಿನ ತೋಪಿನಂಚಿನ ಹಳ್ಳಿಯಲ್ಲಾಗಲಿ, ಮಾಲೂರಿನ ಇಟ್ಟಿಗೆ ಗೂಡಿನ ಬಳಿಯ ಕಾರ್ಮಿಕರ ಮನೆಯಲ್ಲಾಗಲಿ ಸಾವು ಸಂಭವಿಸಿದಾಗ, ದುಃಖದ ನಡುವೆ ನೇತ್ರ ಬ್ಯಾಂಕಿಗೆ ತಕ್ಷಣ ಕರೆ ಮಾಡುವವರು ಒಬ್ಬರಾದರೂ ಇರಬೇಕು. ಸಿಬ್ಬಂದಿ ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡುವುದು, ಫ್ಯಾನ್ ನಿಲ್ಲಿಸುವುದು, ತಲೆದಿಂಬಿನಿಂದ ತಲೆಯನ್ನು ಎತ್ತರಿಸುವುದು ಅಗತ್ಯ. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆಯ ಶಸ್ತ್ರಚಿಕಿತ್ಸೆ ಯಾವುದೂ ದಾನಕ್ಕೆ ಅಡ್ಡಿಯಲ್ಲ.

ಪುನೀತ್ ನಿಧನಾನಂತರ ರಾಜ್ಯಾದ್ಯಂತ ಸಾವಿರಾರು ಮಂದಿ ವಾಗ್ದಾನ ಪತ್ರಕ್ಕೆ ಸಹಿ ಹಾಕಿದರು. ಆದರೆ ಸಹಿಯನ್ನು ದಾನವಾಗಿಸುವವರು ಮನೆಯವರು. 2006ರ ಆ ಕೋಲಾಹಲದ ದಿನ ರಾಜ್ ಅವರ ಮಾತು ಉಳಿದದ್ದು ಅವರ ಕುಟುಂಬ ಅದನ್ನು ಮರೆಯದಿದ್ದುದರಿಂದ. ಸಹಿ ಮಾಡಿದವರು ಅದನ್ನು ಇಂದೇ ಮನೆಯಲ್ಲಿ ಹೇಳಿಡುವುದು ಆ ಕಲಾವಿದನಿಗೆ ಸಲ್ಲಿಸಬಹುದಾದ ಅರ್ಥಪೂರ್ಣ ನಮನ.